ಹುಲಿಗೆವ್ವನ ಲಾಡಿ

ನಾನು ಹುಟ್ಟಿದ್ದು ಹೊಡೆತದಲ್ಲಿ. ಮೊದಲು ಹತ್ತಿಯಾಗಿದ್ದೆ. ನನ್ನನ್ನು ಬಡಿದರು, ಹಿಂಜಿದರು, ಎಳೆ ಎಳೆಯಾಗಿ ಜಗ್ಗಿದರು. ಆಮೇಲೆ ಒಂದು ಯಂತ್ರ ಆ ಎಳೆಗಳನ್ನೆಲ್ಲ ತಿರುಚಿ, ಬಿಗಿಯಾಗಿ ಹೆಣೆದು, ತುದಿಯನ್ನು ಕಚಕ್ಕನೆ ಕತ್ತರಿಸಿ ಕೆಳಗೆ ಬಿಸಾಡಿತು. ಬಿದ್ದಾಗ ನಾನು ಲಾಡಿಯಾಗಿದ್ದೆ. ಹೆಂಗಸರು ಸೀರೆಯೊಳಗಿನ ಲಂಗಕ್ಕೆ ಪೋಣಿಸುತ್ತಾರಲ್ಲ, ಆ ಬಿಳಿ ಲಾಡಿ. ಮರ್ಯಾದಸ್ಥರು ನನ್ನ ಹೆಸರನ್ನು ಗಟ್ಟಿಯಾಗಿ ಹೇಳುವುದಿಲ್ಲ.

ಕುಷ್ಟಗಿ ಕಡೆಯ ಒಂದು ಸಂತೆಯಲ್ಲಿ, ಬಳೆ ಪಿನ್ನುಗಳ ನಡುವೆ ಗೊಂಚಲಾಗಿ ನೇತಾಡುತ್ತಿದ್ದೆ. ಹುಲಿಗೆವ್ವ ಬಂದು ನನ್ನನ್ನು ಎರಡೂ ಕೈಗೆ ಸುತ್ತಿಕೊಂಡು ಜಗ್ಗಿ ನೋಡಿದಳು.

"ಎಮ್ಮಿ ಕಟ್ಟಿದ್ರೂ ಹರಿಯಂಗಿಲ್ಲ, ತಗೋಬೇ" ಎಂದ ಅಂಗಡಿಯವನು.

"ಎಮ್ಮಿ ಕಲ್ಲು ಹೊರತೈತೇನು? ನಾ ಹೊರತೀನಿ. ಅದಕ್ಕಿಂತ ಗಟ್ಟಿದು ಕೊಡು" ಎಂದಳು. ಕಡೆಗೆ ನನ್ನನ್ನೇ ಕೊಂಡಳು.

ಅವಳು ಕಲ್ಲಿನ ಕ್ವಾರಿಯಲ್ಲಿ ದುಡಿಯುತ್ತಿದ್ದಳು. ಒಡೆದ ಕಲ್ಲನ್ನು ಬುಟ್ಟಿಗೆ ತುಂಬಿ ತಲೆಯ ಮೇಲೆ ಹೊತ್ತು ಲಾರಿಗೆ ಹಾಕುವುದು ಕೆಲಸ. ಸಡಿಲ ನಡಕ್ಕೆ ಹೊರೆ ಏರುವುದಿಲ್ಲ ಎಂಬುದು ಅಲ್ಲಿನ ಹೆಂಗಸರ ನಂಬಿಕೆ. ಅದಕ್ಕೇ ಅವಳು ದಿನಾ ಬೆಳಗ್ಗೆ ಇದ್ದ ಉಸಿರನ್ನೆಲ್ಲ ಹೊರಗೆ ಬಿಟ್ಟು, ಹೊಟ್ಟೆಯನ್ನು ಬೆನ್ನಿಗೆ ಹತ್ತಿಸಿ, ಹಲ್ಲು ಕಚ್ಚಿ ನನ್ನನ್ನು ಬಿಗಿಯುತ್ತಿದ್ದಳು. ಬಲಗಡೆ ಸೊಂಟದ ಮೇಲೆ ಕಗ್ಗಂಟು. ಆ ಗಂಟಿಗೆ ಎಲೆ ಅಡಿಕೆಯ ಚಂಚಿ. ಅವಳ ರೊಕ್ಕವೂ ಅದರಲ್ಲೇ.

ನಾನು ಬರುವ ಮೊದಲೇ ಅಲ್ಲೊಂದು ದಾರಿ ಬಿದ್ದಿತ್ತು. ನನಗಿಂತ ಹಿಂದಿನ ಲಾಡಿಗಳು ಕೊರೆದ ದಾರಿ. ಅಲ್ಲಿನ ಚರ್ಮ ನೊಗ ಹೊತ್ತ ಎತ್ತಿನ ಹೆಗಲಿನಂತೆ ಕಪ್ಪಗೆ, ದಪ್ಪಗೆ ಆಗಿತ್ತು. ನಾನು ಅದರೊಳಗೆ ಹೋಗಿ ಕೂತೆ. ಬೆವರು ಬರುತ್ತಿತ್ತು. ಕಲ್ಲಿನ ಧೂಳು ನನ್ನ ಎಳೆಗಳಲ್ಲಿ ಸೇರುತ್ತಿತ್ತು. ಅವಳು ಬಗ್ಗಿದಾಗ, ಎದ್ದಾಗ, ನಾನು ಗರಗಸದ ಹಾಗೆ ಹಿಂದೆ ಮುಂದೆ ಆಡುತ್ತಿದ್ದೆ. ಲಂಗಗಳು ಹರಿದವು. ಪಿನ್ನು ಚುಚ್ಚಿ ನನ್ನನ್ನು ಹಳೆಯ ಲಂಗದಿಂದ ಕಿತ್ತು ಹೊಸದಕ್ಕೆ ಪೋಣಿಸಿದಳು. ನಾನು ಹರಿಯಲಿಲ್ಲ. ಚರ್ಮ ಹರಿಯಿತು.

ಮೊದಲು ಒಂದು ಬಿರುಕು. ಮಾಯಿತು ಅನ್ನುವಾಗ ಮತ್ತೆ ಬಾಯಿ ಬಿಟ್ಟಿತು. ಆಮೇಲೆ ಅದರ ಅಂಚು ಗಟ್ಟಿಯಾಗಿ ಮೇಲೆದ್ದಿತು.

ಊರಲ್ಲಿ ಪಂಪಣ್ಣ ಅನ್ನುವವನ ಸಣ್ಣ ಕ್ಲಿನಿಕ್ ಇತ್ತು. ಹುಲಿಗೆವ್ವ ಹೋಗಿ ಸೀರೆಯ ಮೇಲೇ ಬೆರಳಿಟ್ಟು, "ಇಲ್ಲಿ ಕಡಿತೈತ್ರಿ" ಎಂದಳು.

"ತೋರ್ಸು, ನೋಡೂಣು."

"ತೋರ್ಸಂಗಿಲ್ರಿ. ಇಲ್ಲೇ ಐತಿ ಅಂತ ಹೇಳಾಕತ್ತೀನಲ್ಲ!"

ಗಂಡಸಿನ ಎದುರು ನನ್ನನ್ನು ಬಿಚ್ಚುವುದಕ್ಕಿಂತ ಸಾಯುವುದೇ ಲೇಸು ಅವಳಿಗೆ. ಪಂಪಣ್ಣ ನಕ್ಕ. "ನಡದಾಗ ಕಡಿತ ಅಂದ್ರ ಗಜಕರ್ಣ" ಎಂದು ಮುಲಾಮು ಕೊಟ್ಟ, ಇಂಜೆಕ್ಷನ್ ಚುಚ್ಚಿದ, ರೊಕ್ಕ ಇಸಿದುಕೊಂಡ. ಅವಳು ಮತ್ತೆ ಮತ್ತೆ ಹೋದಳು. ಪ್ರತಿ ಸಲವೂ ಸೀರೆಯ ಮೇಲೇ ಬೆರಳಿಟ್ಟಳು. ಅವನು ಔಷಧ ಕೊಟ್ಟಿದ್ದು ಸೀರೆಯ ಹೂವಿಗೆ. ಒಳಗಿನ ಹುಣ್ಣು ಬೆಳೆಯುತ್ತಲೇ ಇತ್ತು.

ಶಾವಂತ್ರವ್ವ ಅವಳ ನೆಗೆಣ್ಣಿ, ಮೈದುನನ ಹೆಂಡತಿ. ಹುಣ್ಣು ನೋಡಿದ್ದು ಅವಳೊಬ್ಬಳೇ. "ಎತ್ತಿನ ಹೆಗಲು ಹರಿದ್ರ ಮೈಲುತುತ್ತ ಹಚ್ಚತಾರ ಯಕ್ಕಾ, ಮಾಯ್ತೈತಿ" ಎಂದು ಅರೆದು ತಂದು ಮೆತ್ತಿದಳು. ಮಾಂಸ ಚುರ್‍ರೆಂದು ಬೆಂದಿತು. ಹುಲಿಗೆವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆಗೆ ತಲೆ ಬಡಿದುಕೊಂಡಳು. ಮರುದಿನ ಕೆಲಸವಿತ್ತು. ಬೆಂದ ಗಾಯದ ಮೇಲೇ ನನ್ನನ್ನು ಬಿಗಿದಳು. ಕ್ವಾರಿಯಲ್ಲಿ ಬುಟ್ಟಿ ಎತ್ತುವಾಗ ರಕ್ತ ನನ್ನಲ್ಲಿ ಇಂಗಿ, ಲಂಗಕ್ಕೆ ಇಳಿದು, ಸೀರೆಗೂ ಬಂತು.

ಶಾವಂತ್ರವ್ವ ಅತ್ತುಬಿಟ್ಟಳು. "ನಾ ತಿಳೀದಾಕಿ, ಸುಟ್ಟುಬಿಟ್ನೆವ್ವ. ತಾಲ್ಲೂಕು ಆಸ್ಪತ್ರ್ಯಾಗ ಹೆಣ್ಣ ಡಾಕ್ಟರು ಬಂದಾರಂತ. ಹೆಣ್ಣಿಗೆ ಹೆಣ್ಣು ತೋರ್ಸಾಕ ಏನು ನಾಚಿಕಿ? ನಡಿ."

ಬರಿಗೈಲಿ ಹೋಗಲು ಹುಲಿಗೆವ್ವ ಒಪ್ಪಲಿಲ್ಲ. ಕೂಲಿಯಲ್ಲಿ ಉಳಿಸಿ ಉಳಿಸಿ ಚಂಚಿಗೆ ಹಾಕಿದಳು. ಅದು ಗಂಡ ದುರಗಪ್ಪನ ಕಣ್ಣಿಗೆ ಬಿತ್ತು. ಅವನು ಇಸ್ಪೀಟಿನಲ್ಲಿ ಸೋತು ಮನೆಗೆ ಬಂದಿದ್ದ. ಅವಳು ಒಲೆಯ ಮುಂದೆ ಕೂತು ಕಾರ ಅರೆಯುತ್ತಿದ್ದಳು.

"ಚಂಚಿ ತಾ ಇಲ್ಲಿ."

"ದವಾಖಾನಿ ರೊಕ್ಕ ಅದು."

"ಕಡಿತಕ್ಕ ದವಾಖಾನಿಯಂತ! ದೊಡ್ಡ ಸಾವ್ಕಾರ್ತಿ."

ಚಂಚಿಗೆ ಕೈ ಹಾಕಿ ಜಗ್ಗಿದ. ಅದು ನನ್ನ ಗಂಟಿಗೆ ಬಿಗಿದಿತ್ತು. ನಾನು ಹುಣ್ಣಿನೊಳಗೆ ಇಳಿದೆ. ಅವಳು ಕಿರುಚಿದಳು. ಅವನು ಸೊಂಟಕ್ಕೆ ಕಾಲು ಕೊಟ್ಟು ಎರಡೂ ಕೈಯಿಂದ ಎಳೆದ. ನಾನು ಹರಿದಿದ್ದರೆ ಅವಳ ನೋವು ನಿಲ್ಲುತ್ತಿತ್ತು, ರೊಕ್ಕ ಹೋಗುತ್ತಿತ್ತು. ನಾನು ಹರಿಯಲಿಲ್ಲ.

"ಬಿಡ್ಲೇ ಭಾಡ್ಯಾ!"

ಕೈಯಲ್ಲಿದ್ದ ಗುಂಡುಕಲ್ಲನ್ನು ಎತ್ತಿ ಅವನ ಮೊಣಕೈಗೆ ಹೊಡೆದಳು. ದಿನವೆಲ್ಲ ಕಲ್ಲು ಎತ್ತುವ ಕೈ ಅದು. ಮೂಳೆ ಲಟಕ್ಕೆಂದಿತು. ಅವನು ಹಿಂದಕ್ಕೆ ಬಿದ್ದ. ಬಿದ್ದವನು ತನ್ನ ಅಂಗೈ ನೋಡಿಕೊಂಡ. ಕೈತುಂಬ ರಕ್ತ. ಮೊಣಕೈ ಮುಟ್ಟಿ ನೋಡಿದ. ಅಲ್ಲಿ ಚರ್ಮ ಹರಿದಿರಲಿಲ್ಲ.

"ಇದು ನಂದಲ್ಲ..." ಎಂದ.

"ನಂದು" ಎಂದಳು ಹುಲಿಗೆವ್ವ. "ಹ್ವಾದ ಮಳಿಗಾಲದಿಂದ ಹರಿಯಾಕತ್ತೈತಿ. ನಿನಗ ಕಂಡಿದ್ದು ಇವತ್ತು."

ಮರುದಿನ ಬೆಳಗಿನ ಬಸ್ಸಿಗೆ ಶಾವಂತ್ರವ್ವನ ಜೊತೆ ಹೊರಟಳು. ಆಸ್ಪತ್ರೆಯಲ್ಲಿ ಪರದೆ ಎಳೆದು ಮಲಗಿಸಿದರು. ನಾಚಿಕೆ ಬಿಟ್ಟು ಅವಳು ಗಂಟಿಗೆ ಕೈ ಹಾಕಿದಳು. ಗಂಟು ಬಿಚ್ಚಲಿಲ್ಲ. ರಕ್ತ ಒಣಗಿ ನಾನು ಕಟ್ಟಿಗೆಯಂತಾಗಿದ್ದೆ. ಡಾಕ್ಟರಮ್ಮ ಕತ್ತರಿ ತಗೊಂಡು ಗಂಟಿನ ಎರಡೂ ಕಡೆ ಒತ್ತಿದರು. ಕಚಕ್. ಎಮ್ಮೆ ಕಟ್ಟಿದರೂ ಹರಿಯದ ನಾನು ಎರಡು ತುಂಡಾದೆ. ಬರುವಾಗ ಒಂದಿಷ್ಟು ಚರ್ಮವನ್ನೂ ಕಿತ್ತುಕೊಂಡೇ ಬಂದೆ.

ಡಾಕ್ಟರಮ್ಮ ದೀಪ ಹತ್ತಿರ ಎಳೆದು ಹುಣ್ಣಿನ ಅಂಚನ್ನು ಒತ್ತಿ ನೋಡಿದರು. ಆಮೇಲೆ, "ಗಜಕರ್ಣ ಅಂತ ಹೇಳಿದೋರು ಯಾರು? ಇದನ್ನ ನೋಡಿ ಹೇಳಿದ್ರಾ?" ಎಂದರು.

"ನಾ ತೋರ್ಸಿಲ್ರಿ" ಎಂದಳು ಹುಲಿಗೆವ್ವ ಸಣ್ಣ ದನಿಯಲ್ಲಿ.

"ಇದು ಚರ್ಮದ ಕ್ಯಾನ್ಸರ್ ಇರಬೇಕಮ್ಮ. ಚೂರು ತೆಗೆದು ಪರೀಕ್ಷೆಗೆ ಕಳಿಸ್ಬೇಕು."

ಶಾವಂತ್ರವ್ವ ಬಾಯಿ ಮೇಲೆ ಕೈ ಇಟ್ಟಳು. "ಲಾಡಿ ಕಟ್ಟಿದ್ರ ಕ್ಯಾನ್ಸರ್ ಬರ್ತೈತೇನ್ರಿ?"

"ಎಲ್ಲರಿಗೂ ಬರಲ್ಲ. ವರ್ಷಗಟ್ಟಲೆ ಒಂದೇ ಕಡೆ ಉಜ್ಜಿ, ಗಾಯ ಮಾಯದೇ ಉಳಿದರೆ ಕೆಲವರಿಗೆ ಬರುತ್ತೆ. ಕತ್ತರಿಸಿ ತೆಗೆದರೆ ವಾಸಿಯಾಗೋದು ಹೆಚ್ಚು. ಆಪರೇಷನ್ನು ಜಿಲ್ಲಾ ಆಸ್ಪತ್ರೆಯಲ್ಲಿ, ಸರ್ಕಾರದ ಕಾರ್ಡಿನ ಮೇಲೆ ಆಗುತ್ತೆ. ಪರೀಕ್ಷೆ ಮಾತ್ರ ಹೊರಗಡೆ. ಅದಕ್ಕೆ ದುಡ್ಡು ಕಟ್ಟಬೇಕು."

ಹುಲಿಗೆವ್ವ ನನ್ನ ತುಂಡಿನಿಂದ ಚಂಚಿಯನ್ನು ಬಿಡಿಸಿದಳು. ನೋಟುಗಳು ಒಂದಕ್ಕೊಂದು ಅಂಟಿದ್ದವು.

"ರಕ್ತ ಹತ್ತಿದ ನೋಟು ತಗೋತಾರೇನ್ರಿ?"

ಡಾಕ್ಟರಮ್ಮ ತಾವೇ ಆ ನೋಟುಗಳನ್ನು ಬಿಡಿಸಿ, ಒರೆಸಿ, ಅವಳ ಕೈಗಿಟ್ಟರು. "ತಗೋತಾರೆ. ತಗೋಳ್ಳದಿದ್ರೆ ನನಗೆ ಹೇಳು."

ಪರೀಕ್ಷೆಯಲ್ಲೂ ಕ್ಯಾನ್ಸರ್ ಅಂತಲೇ ಬಂತು. ಕತ್ತರಿಸಿದ ದಿನ ಶಾವಂತ್ರವ್ವ ನನ್ನ ತುಂಡುಗಳನ್ನು ಕೈಚೀಲಕ್ಕೆ ಹಾಕಿಕೊಂಡಿದ್ದಳು; ಆಪರೇಷನ್ ದಿನವೂ ನಾನು ಅಲ್ಲೇ ಇದ್ದೆ. ಹೊರಗಿನ ಬೆಂಚಿನ ಮೇಲೆ ದುರಗಪ್ಪ ಪಟ್ಟಿ ಹಾಕಿದ ಕೈ ನೇತುಹಾಕಿಕೊಂಡು ಕೂತಿದ್ದ. "ಅಕಿ ಹೊಡದ್ಲೇನು?" ಎಂದು ಯಾರೋ ಕೇಳಿದರೆ, "ಕ್ವಾರ್‍ಯಾಗ ಕಲ್ಲು ಬಿತ್ರಿ" ಎಂದ. ಒಳಗೆ ಅಂಗೈಯಷ್ಟು ಮಾಂಸ ಕತ್ತರಿಸಿ, ತೊಡೆಯ ಚರ್ಮ ಸೀಳಿ ತಂದು ಅಲ್ಲಿ ಹೊಲಿದರು.

ಮನೆಗೆ ಕಳಿಸುವಾಗ ಡಾಕ್ಟರು ಹೇಳಿದ್ದು ಇಷ್ಟು: ಹೇಳಿದಾಗಲೆಲ್ಲ ಬಂದು ತೋರಿಸಬೇಕು, ಕಲ್ಲು ಹೊರಬಾರದು, ದಾರದ ಬದಲು ಅಗಲ ಬಟ್ಟೆಯ ಪಟ್ಟಿ ಕಟ್ಟಬೇಕು, ಅದರೊಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಕಟ್ಟಿ ತೋರಿಸು ಅಂದರು. ಹುಲಿಗೆವ್ವ ಅಭ್ಯಾಸಬಲದಿಂದ ಉಸಿರು ಬಿಟ್ಟು ಬಿಗಿದಳು. ಶಾವಂತ್ರವ್ವ ಅವಳ ಕೈ ಮೇಲೆ ಪಟ್ಟನೆ ಹೊಡೆದು, "ಉಸಿರಾಡಬೇ!" ಎಂದು ಗದರಿದಳು.

ನನ್ನ ಒಂದು ತುಂಡನ್ನು ಶಾವಂತ್ರವ್ವ ಬೈಯುತ್ತಾ ಒಲೆಗೆ ಹಾಕಿದಳು. ಇನ್ನೊಂದನ್ನು ಹುಲಿಗೆವ್ವ ಅವಳ ಕೈಯಿಂದ ಕಸಿದುಕೊಂಡು, ಒಗೆದು, ಬಿಸಿಲಿಗೆ ಹಾಕಿದಳು. ರಕ್ತದ ಕಲೆ ಹೋಗಲಿಲ್ಲ. ಈಗ ಅವಳು ಆಡು ಸಾಕುತ್ತಾಳೆ. ನಾನು ಗೂಟದ ಬಳಿ, ಹಿಕ್ಕೆಯ ನಡುವೆ ಬಿದ್ದಿರುತ್ತೇನೆ. ಗಟ್ಟಿಯಾಗಿರುವುದನ್ನು ಬಿಟ್ಟು ನನಗೆ ಬೇರೇನೂ ಬರುವುದಿಲ್ಲ. ಎಷ್ಟು ಬಿಗಿಯಬೇಕು ಅನ್ನುವುದು ಯಾವತ್ತೂ ಕೈಯ ಮಾತು.

ಸಂಜೆ ಮರಿ ಓಡಿಹೋಗದಿರಲೆಂದು ಹುಲಿಗೆವ್ವ ನನ್ನನ್ನು ಅದರ ಕೊರಳಿಗೆ ಕಟ್ಟುತ್ತಾಳೆ. ಗಂಟು ಹಾಕಿ ಅಷ್ಟಕ್ಕೇ ಏಳುವುದಿಲ್ಲ. ಎರಡು ಬೆರಳು ಒಳಗೆ ತೂರಿಸಿ, ಕೊರಳ ಸುತ್ತ ಒಂದು ಸಲ ಆಡಿಸಿ ನೋಡುತ್ತಾಳೆ. ಮರಿ ಕುತ್ತಿಗೆ ಕೊಡವಿ ಗೂಟದ ಬಳಿಯ ಸೊಪ್ಪಿಗೆ ಬಾಯಿ ಹಾಕುತ್ತದೆ.