ಮುನಿಯಪ್ಪ ಗುಂಡಿಗೆ ಇಳಿದದ್ದು

ಕಲ್ಯ ಎಂಬ ಊರಿನ ಮುನಿಯಪ್ಪನಿಗೆ ಎರಡು ತುಂಡು ಜಮೀನು. ಕೆರೆಯ ಕೆಳಗಿನ ಕಪ್ಪು ಜೇಡಿಮಣ್ಣಿನ ಗದ್ದೆ ಎಂದರೆ ಮುದ್ದು. ದಿಣ್ಣೆಯ ಮೇಲಿನ ಕೆಂಪು ಹೊಲ ಎಂದರೆ ತಾತ್ಸಾರ. ಎಷ್ಟು ಮಳೆ ಬಂದರೂ ಕುಡಿದು, ಏನೂ ಗೊತ್ತಿಲ್ಲದ ಹಾಗೆ ಕೂರುವ ಹೊಲವದು.

ಆಗ ಸೋಲೂರಿನ ಕಡೆ ಒಂದರ ಹಿಂದೊಂದು ಫ್ಯಾಕ್ಟರಿ ಏಳುತ್ತಿದ್ದ ಕಾಲ. ತಗ್ಗು ತುಂಬಲು ಕೆಮ್ಮಣ್ಣು ಬೇಕೆಂದು ಕಂಟ್ರಾಕ್ಟರೊಬ್ಬ ಕೇಳಿದ, ಮುನಿಯಪ್ಪ ಹೂಂ ಅಂದುಬಿಟ್ಟ. ಮಣ್ಣು ನೋಡಲೆಂದು ಜೆಸಿಬಿ ಬಂದು ಹೊಲದ ಅಂಚಿನಲ್ಲಿ ಆಳುದ್ದದ ಗುಂಡಿ ತೋಡಿ ಹೋಯಿತು. ಮಾರನೆಯ ದಿನವೇ ಲಾರಿ ಬರುವುದಿತ್ತು.

ಹೊಲದ ಮಣ್ಣು ಮಾರುವುದು ಹೆಂಡತಿ ಚಿಕ್ಕಲಕ್ಷ್ಮಮ್ಮನಿಗೆ ಒಪ್ಪಿಗೆಯಿರಲಿಲ್ಲ. ರೈತ ಸಂಪರ್ಕ ಕೇಂದ್ರದ ತರಬೇತಿಗೆ ಹೋಗಿಬಂದಿದ್ದ ಪಕ್ಕದ ಮನೆಯ ರಾಧಾಮಣಿಯನ್ನು ಕರೆತಂದಳು.

"ಮಾವ, ಈ ಸಲ ಭತ್ತ ಬಿಟ್ಟು ಗದ್ದೆಗೆ ಹಾಕಿದ ತೊಗರಿ ಯಾಕೆ ಹಳದಿಯಾಯ್ತು?" ರಾಧಾಮಣಿ ಕೇಳಿದಳು.

"ಬೀಜ ಸರಿ ಇರ್ಲಿಲ್ಲ ಕಣವ್ವ."

"ದಿಣ್ಣೆಗೆ ಹಾಕಿದ್ದೂ ಅದೇ ಬೀಜ ತಾನೆ?" ಎಂದಳು ಚಿಕ್ಕಲಕ್ಷ್ಮಮ್ಮ.

ಮುನಿಯಪ್ಪ ಬೀಡಿ ಹುಡುಕತೊಡಗಿದ.

ರಾಧಾಮಣಿ ಗದ್ದೆಯ ತೊಗರಿ ಗಿಡವೊಂದನ್ನು ಅಗೆದು ತಂದಿದ್ದಳು. ಅದರ ಬೇರು ಗೇಣುದ್ದ ಇಳಿದು, ಮೊಣಕೈಯಂತೆ ಮಡಿಸಿಕೊಂಡು ಪಕ್ಕಕ್ಕೆ ಹೋಗಿತ್ತು.

"ಜೇಡಿ ಒತ್ತು ಮಣ್ಣು, ಮಾವ. ನೀರು ನಿಂತ್ರೆ ಬೇರಿಗೆ ಗಾಳಿ ಸಿಗಕಿಲ್ಲ, ಕೆಳಕ್ಕೆ ದಾರೀನೂ ಇಲ್ಲ. ಭತ್ತದ ಬೇರು ಮೇಲೇ ಇರೋದು, ಅದಕ್ಕೆ ಅಲ್ಲಿ ಸುಖ. ತೊಗರಿಗೆ ಆಳ ಬೇಕು. ಒಸಿ ನಿಮ್ಮ ಗುಂಡಿ ನೋಡಿ ಬನ್ನಿ."

"ಗುಂಡೀಲಿ ಏನೈತೆ? ಮಣ್ಣು," ಎನ್ನುತ್ತಲೇ ಅವನು ಹೊರಟ. ಹೆಂಗಸರಿಬ್ಬರೂ ಹಿಂದೆ ಹೋದರು.

ರಾಗಿ ಕೊಯ್ಲಾಗಿತ್ತು. ರಾಗಿಯ ನಡುವೆ ಬಿತ್ತಿದ್ದ ಅಕ್ಕಡಿ ಸಾಲಿನ ತೊಗರಿ ಮಾತ್ರ ಹಸಿರಾಗಿ ನಿಂತಿತ್ತು. ಮುನಿಯಪ್ಪ ಗುಂಡಿಗೆ ಇಳಿದ. ಗುಂಡಿಯ ಗೋಡೆಯಲ್ಲಿ ನೋಡಿದರೆ, ಕೊಯ್ದುಳಿದ ರಾಗಿ ಕೂಳೆಯ ಬೇರು ಹೆಚ್ಚಿನದೆಲ್ಲ ಮೇಲ್ಮಣ್ಣಿನಲ್ಲೇ ಹರಡಿತ್ತು. ತೊಗರಿಯ ಬೇರು ಅದನ್ನು ದಾಟಿ ಇಳಿದಿತ್ತು. ಬೆರಳಲ್ಲಿ ಮಣ್ಣು ಕೆರೆಯುತ್ತ ಅವನು ಬಗ್ಗಿದ, ಮಂಡಿಯೂರಿದ, ಕೊನೆಗೆ ಕೂತೇಬಿಟ್ಟ. ಬೇರು ಇನ್ನೂ ಕೆಳಕ್ಕೆ ಹೋಗುತ್ತಲೇ ಇತ್ತು. ಅಲ್ಲಿನ ಮಣ್ಣು ಇನ್ನೂ ಹಸಿಯಾಗಿ ಕೈಗೆ ತಣ್ಣಗೆ ತಾಕಿತು. ದೀಪಾವಳಿಯಿಂದೀಚೆಗೆ ಒಂದು ಹನಿ ಮಳೆ ಬಿದ್ದಿರಲಿಲ್ಲ. ಅವನಿಗೆ ಆ ಹೊಲದ ಮೇಲೆ ಮೊದಲ ಸಲ ಅಭಿಮಾನ ಉಕ್ಕಿತು.

"ನಮ್ಮಪ್ಪನ ಕಾಲದಿಂದ ಮೇಲೆ ಉತ್ತಿದ್ದೇ ಉತ್ತಿದ್ದು. ಕೆಳಗೆ ಇಂಥಾ ಕೆಲಸ ನಡೀತೈತೆ ಅಂತ ಯಾರಿಗ್ ಗೊತ್ತಿತ್ತವ್ವ," ಎಂದ. ಆಮೇಲೆ ಮೆಲ್ಲಗೆ, "ಈ ಮಣ್ಣು ಹೋದ್ರೆ?"

"ಅಡಿಯ ಗರಸು, ಬರೀ ಗಟ್ಟಿ ಕಲ್ಲುಮಣ್ಣು, ಅಷ್ಟೇ ಉಳೀತದೆ ಮಾವ. ಬೇರು ಇಳಿಯೋ ಹಾದೀನೇ ಲಾರಿ ಹತ್ಕಂಡು ಹೋಯ್ತದೆ."

ಬೆಳಗ್ಗೆ ಲಾರಿ ಬಂದಾಗ ಮುನಿಯಪ್ಪ ಬದುವಿನ ಮೇಲೆ ನಿಂತಿದ್ದ.

"ಬ್ಯಾರೆ ಕಡೆ ನೋಡ್ಕಳಪ್ಪ. ಇಲ್ಲಿ ಕೆಲಸ ನಡೀತೈತೆ."

ಡ್ರೈವರು ಸುತ್ತ ನೋಡಿದ. ಹೊಲದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

"ಎಲ್ಲಿ ಯಜಮಾನ್ರೇ?"

"ಕೆಳಗಡೆ."

ಅಣ್ಣಂದಿರೇ, ಅಕ್ಕಂದಿರೇ, ನೀವೂ ಬಿತ್ತುವ ಮೊದಲು ಒಂದು ಗುಂಡಿ ತೋಡಿ. ಜೇಡಿಯೋ, ಕೆಮ್ಮಣ್ಣೋ, ಗರಸು ಎಷ್ಟು ಕೆಳಗಿದೆಯೋ ನೋಡಿ, ಅದಕ್ಕೆ ತಕ್ಕ ಬೆಳೆ ಹಾಕಿ. ತಿಳಿಯದಿದ್ದರೆ ಮಣ್ಣು ಕಟ್ಟಿಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಕೇಳಿ. ಮಣ್ಣು ಕೇಳಿಕೊಂಡು ಯಾರಾದರೂ ಬಂದರೆ, ಹೂಂ ಅನ್ನುವ ಮೊದಲು ಗುಂಡಿಗೆ ಇಳಿದು ನೋಡಿ.