ಬೀಳದ ಗುಂಡಿ

ನಲವತ್ತು ವರ್ಷ ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿದವಳು ನಾನು. ನಾನು ಹಾಕಿದ ಗುಂಡಿ, ಬಟ್ಟೆ ಹರಿದು ಚಿಂದಿಯಾದರೂ ಬೀಳುವುದಿಲ್ಲ. ಜಂಬ ಅಂದರೆ ಅನ್ನಿ. ಕಣ್ಣು ಮಂಜಾದ ಮೇಲೆ ಹೊಲಿಗೆ ಮೆಷಿನ್ ಮಾರಿದೆ. ಕೂಡಿಟ್ಟ ದುಡ್ಡಿನ ಬಡ್ಡಿ ಮನೆ ಬಾಡಿಗೆಗೆ ಸರಿಹೋಗುತ್ತದೆ. ಊಟಕ್ಕೆ, ಮಾತ್ರೆಗೆ ತಮ್ಮ ಕೊಡುವುದೇ ಗತಿ. ಅವನನ್ನು ಓದಿಸಿದ್ದೂ ಅದೇ ಮೆಷಿನ್ ತಾನೆ, ತೆಗೆದುಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ತಿಂಗಳ ಮೊದಲ ಭಾನುವಾರ ಅವನೇ ಬಂದು ಕವರು ಕೈಗಿಡುತ್ತಿದ್ದ. ಸ್ಟೂಲಿನ ಮೇಲೆ ಕೂತು, ಟೀ ನೀರಾಗಿದೆ ಎಂದು ಗೊಣಗಿ, ಅದನ್ನೇ ಎರಡು ಲೋಟ ಕುಡಿದು, ಸಂಜೆವರೆಗೆ ನನ್ನ ತಲೆ ತಿನ್ನುತ್ತಿದ್ದ. ಉಳಿದ ದಿನ ಮನೆಯಲ್ಲಿ ಮಾತಾಡುವುದು ರೇಡಿಯೋ ಒಂದೇ.

ಒಂದು ಸಲ ಮೆಟ್ಟಿಲು ಹತ್ತಿ ಬಂದವನು ಮಂಡಿ ಹಿಡಿದು ಕೂತ. ನನ್ನ ಬಾಯಿ ಸುಮ್ಮನಿರಬೇಕಲ್ಲ.

"ಯಾಕೋ ಇಷ್ಟು ಒದ್ದಾಡ್ತೀಯ? ಬ್ಯಾಂಕಿಗೆ ಹಾಕ್ಬಿಡು."

ಉಪಚಾರಕ್ಕೆ ಆಡಿದ ಮಾತು. "ಬೇಡಕ್ಕ, ನಾನೇ ಬರ್ತೀನಿ" ಅನ್ನುತ್ತಾನೆಂದು ಕಾದೆ.

"ಆಯ್ತಕ್ಕ" ಅಂದುಬಿಟ್ಟ.

ಮುಂದಿನ ತಿಂಗಳಿಂದ ದುಡ್ಡು ತಪ್ಪದೆ ಖಾತೆಗೆ ಬಂತು. ಅವನು ಬರಲಿಲ್ಲ. ಕರೆಯೋಣವೆಂದರೆ, ದುಡ್ಡು ಸಾಲದೆ ಕರೆದಳು ಅಂದುಕೊಂಡಾನೇ? ಮೂರು ತಿಂಗಳು, ಮೊದಲ ಭಾನುವಾರ ಎರಡು ಲೋಟ ತೊಳೆದಿಟ್ಟು ಒಂದರಲ್ಲಿ ಕುಡಿದೆ. ಅಳು ಬಂತು, ಅತ್ತೆ. ನೋಡುವವರು ಯಾರಿದ್ದರು?

ನಾಲ್ಕನೇ ತಿಂಗಳು ಬಾಗಿಲು ಬಡಿದ ಸದ್ದಾಯಿತು. ತಮ್ಮ. ಕೈಯಲ್ಲಿ ನಾನೇ ಹೊಲಿದುಕೊಟ್ಟ ಬಿಳಿ ಶರ್ಟು.

"ಗುಂಡಿ ಬಿದ್ದೋಯ್ತಕ್ಕ."

"ಇಷ್ಟಕ್ಕೆ ಎರಡು ಬಸ್ಸು ಹತ್ತಿ ಬಂದ್ಯಾ? ನಿನ್ನ ಸೊಸೆ ಹತ್ರ ಸೂಜಿ ಇಲ್ವಾ?"

"ಅವಳಿಗೆಲ್ಲಿ ಪುರುಸೊತ್ತು? ಆ ಮನೇಲಿ ಯಾರಿಗೂ ಪುರುಸೊತ್ತಿಲ್ಲ."

ಕನ್ನಡಕ ಏರಿಸಿ ನೋಡಿದೆ. ತಾನಾಗಿ ಬಿದ್ದ ಗುಂಡಿಯ ದಾರ ಸವೆದು ಎಳೆ ಬಿಟ್ಟುಕೊಂಡಿರುತ್ತದೆ. ಇಲ್ಲಿ ತುದಿಗಳೆಲ್ಲ ಒಂದೇ ಸಮ ಇದ್ದವು. ಕತ್ತರಿಯ ಕೆಲಸ. ಬಿದ್ದುಹೋದ ಗುಂಡಿಯನ್ನು ಅವನು ಜೋಪಾನವಾಗಿ ಜೇಬಿನಿಂದ ತೆಗೆದುಕೊಟ್ಟ. ಪೆದ್ದ, ಕಳ್ಳತನವೂ ಸರಿಯಾಗಿ ಬಾರದು.

"ಉಳಿದವೂ ಸಡಿಲ ಆಗಿವೆ ಕಣೋ" ಅಂದೆ. "ನನ್ನ ಕಣ್ಣಿಗೆ ಒಂದ್ಸಲಕ್ಕೆ ಒಂದೇ ಆಗೋದು. ತಿಂಗಳಿಗೊಂದು ಹಾಕ್ಕೊಡ್ತೀನಿ, ತಗೊಂಡ್ಬಾ."

ಅವನು ಸ್ಟೂಲು ಎಳೆದುಕೊಂಡು ಕೂತು, ಶರ್ಟನ್ನು ಮೇಲಿಂದ ಕೆಳಗೆ ಬೆರಳಿಟ್ಟು ಎಣಿಸಿದ.

"ಇನ್ನು ಐದೇ ಇರೋದಕ್ಕ" ಅಂದ ಮೆಲ್ಲಗೆ.

"ತೋಳಿಂದು ಸೇರಿಸಿದ್ಯಾ?" ಅಂದು ನಾನು ಟೀಗೆ ನೀರಿಟ್ಟೆ.