ಇಪ್ಪತ್ತೇಳು ಚುಕ್ಕೆಗಳು

ಕಂಬಿ ಹಿಡಿದ ಆ ಕೈ ಸರಿತಾಳದು, ನನಗಿಂತ ಮೂರು ಸೀಟು ಮುಂದೆ, ಹೆಂಗಸರ ಕಡೆ, ನಾಲ್ಕು ಹಸಿರು ಬಳೆ, ಬಸ್ಸು ತಗ್ಗಿಗಿಳಿದಾಗೊಮ್ಮೆ ನಾಲ್ಕೂ ಮುಂಗೈಗೆ ಜಾರುತ್ತವೆ, ಮತ್ತೆ ಹಿಂದೆ ಸರಿಯುತ್ತವೆ — ಗೋಕಾಕ ಬಿಟ್ಟಾಗಿನಿಂದ ಹೆಂಡತಿಯ ಆ ಕೈಯನ್ನೇ ನೋಡುತ್ತಿದ್ದೇನೆ, ತೊಡೆಯ ಮೇಲೆ ಸತ್ಯವೇದ ತೆರೆದಿದೆ, ಒಂದು ಹಾಳೆಯೂ ಮುಂದೆ ಹೋಗಿಲ್ಲ, ಪಕ್ಕದ ಸೀಟಿನವನು ಎರಡು ಸಲ ಇಣುಕಿ ನೋಡಿ ಕಾಲು ಸರಿಸಿ ಕೂತ, ದೇವರ ಮನುಷ್ಯ ಅಂದುಕೊಂಡಿರಬೇಕು, ಅಂದುಕೊಳ್ಳಲಿ, ಎಲ್ಲರೂ ಅಂದುಕೊಂಡಿದ್ದಾರೆ, ಹುಕ್ಕೇರಿಯಲ್ಲಿ ನಾಲ್ಕು ಗಂಟೆಗೆ ವಿಜಯಶ್ರೀ ಬಾಯಿಯವರ ಪಡಸಾಲೆಯಲ್ಲಿ ಬೈಬಲ್ ಓದಲು ಕೂರುವ ಹದಿನಾಲ್ಕು ಜನವೂ ಅಂದುಕೊಂಡಿದ್ದಾರೆ, ಇವತ್ತು ಆ ಹದಿನಾಲ್ಕು ಜನರ ನಡುವೆ ಸರಿತಾ ಎದ್ದು ನಿಲ್ಲುತ್ತಾಳೆ, ನನ್ನ ಬಗ್ಗೆ ಹೇಳುತ್ತಾಳೆ, ಏನು ಹೇಳುತ್ತಾಳೆ. ಇಪ್ಪತ್ತಾರು ವರ್ಷ ಸಂಸಾರ ಮಾಡಿದವಳು ನಾಲ್ಕು ಮಾತಾಡುತ್ತಾಳೆ ಅಂದರೆ ಇಷ್ಟು ಭಯವೇ ಸದಾಶಿವಾ, ಸೂಜಿ ಹಿಡಿದು ಹೋರಿಯ ಹಿಂದೆ ನಿಲ್ಲುವಾಗಲೂ ನಿನಗೆ ಹೀಗಾಗಿಲ್ಲ.

ನಿಯಮ ನನ್ನದೇ, ಯಾರನ್ನು ಬೈಯಲಿ. ಹುಕ್ಕೇರಿಯ ಪಶು ಆಸ್ಪತ್ರೆಯಲ್ಲಿ ಹನ್ನೆರಡು ವರ್ಷ ಕಂಪೌಂಡರ್ ಆಗಿದ್ದೆ, ಮೂಡಲಗಿಗೆ ವರ್ಗವಾದರೂ, ಗೋಕಾಕದಲ್ಲಿ ಮನೆ ಮಾಡಿದರೂ ಆ ಗುಂಪು ಬಿಡಲಿಲ್ಲ, ಬಿಟ್ಟರೆ ಅಧ್ಯಯನ ನಡೆಸುವವರು ಯಾರು ಎಂಬ ಜಂಬ ಬೇರೆ, ಎರಡು ವರ್ಷದ ಹಿಂದೆ ನಾನೇ ಎದ್ದು ಹೇಳಿದೆ, ಬರೇ ಓದಿ ಏನ ಬಂತ್ರಿ, ಓದಿದ್ದ ಮೈಗಿ ಹತ್ತಬೇಕು, ಕ್ರಿಸ್ತನ ಗುಣಾ ನಮ್ಮೊಳಗ ಬೆಳಿಬೇಕು, ತಿಂಗಳಿಗೆ ಒಬ್ಬರು ಒಂದು ಚೀಟಿ ಎತ್ತಲಿ, ಪ್ರೀತಿಯೋ ದಯೆಯೋ ದೀರ್ಘಶಾಂತಿಯೋ, ಬಂದದ್ದನ್ನು ತಿಂಗಳಿಡೀ ಓದಲಿ, ಅದರಂತೆ ನಡೆಯಲಿ, ಕೊನೆಯ ಭಾನುವಾರ ಸಾಕ್ಷಿ — ಆದರೆ ತನ್ನ ಸಾಕ್ಷಿ ತಾನೇ ಹೇಳುವಂತಿಲ್ಲ, ಅವರ ಜೊತೆ ಒಂದೇ ಸೂರಿನ ಕೆಳಗಿರುವವರು ಹೇಳಬೇಕು. ಎಲ್ಲರೂ ತಲೆದೂಗಿದರು. ಟ್ರ್ಯಾಕ್ಟರ್ ಹೊಡೆಯುವ ಯಲ್ಲಾರಿಗೆ ದೀರ್ಘಶಾಂತಿ ಬಂದಿತ್ತು, ಅವನ ಹೆಂಡತಿ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಖರೆ ಹೇಳ್ತೇನ್ರಿ, ಇವರ ಸಿಟ್ಟ ಏನೂ ಕಡಿಮಿ ಆಗಿಲ್ಲ, ಆದ್ರ ಈಗ ಸಿಟ್ಟ ಬಂದ್ರ ಹೊರಗ ಹೋಗಿ ಒಂದ ತಂಬಿಗಿ ನೀರ ಕುಡದ ಬರ್ತಾರ, ಈ ತಿಂಗಳಾ ನಮ್ಮನಿಗಿ ನೀರ ಸಾಲವಲ್ದು ನೋಡ್ರಿ — ಪಡಸಾಲೆ ತುಂಬ ನಗು, ಯಲ್ಲಾರಿ ಎಲ್ಲರಿಗಿಂತ ಜೋರಾಗಿ ನಕ್ಕ, ಕಣ್ಣು ಒರೆಸಿಕೊಂಡ, ನಾನೂ ನಕ್ಕೆ, ಒಳಗೊಳಗೆ, ಪಾಪ, ಇನ್ನೂ ಎಷ್ಟು ಹಿಂದಿದ್ದಾನೆ ಅಂದುಕೊಂಡೆ. ಹೌದು, ಅಂದುಕೊಂಡೆ. ಈ ತಿಂಗಳು ನನಗೆ ಬಂದ ಚೀಟಿ ಸಾಧುತ್ವ. ಸೌಮ್ಯವಾಗಿರುವುದು. ನನಗೆ ಅದೇನು ಪರೀಕ್ಷೆ, ನಾನು ಯಾರ ಮೇಲೂ ಕೈ ಎತ್ತಿದವನಲ್ಲ, ದನಿ ಎತ್ತಿದವನಲ್ಲ, ಪ್ರವಾದಿಯ ಪುಸ್ತಕದಲ್ಲಿ ದೇವರ ಸೇವಕನ ಮಾತು ಬರುತ್ತದಲ್ಲ, ಅವನು ಬೀದಿಯಲ್ಲಿ ದನಿ ಏರಿಸುವವನಲ್ಲ, ಜಜ್ಜಿಹೋದ ದಂಟನ್ನು ಮುರಿಯುವವನಲ್ಲ, ಆ ಭಾಗವನ್ನೇ ಆರಿಸಿಕೊಂಡೆ, ದನಿ ಏರಿಸದ ಒಂದೊಂದು ದಿನಕ್ಕೆ ಆ ಹಾಳೆಯ ಅಂಚಿಗೆ ಪೆನ್ಸಿಲ್ಲಿನ ಒಂದು ಚುಕ್ಕೆ. ಇಪ್ಪತ್ತೇಳು ಚುಕ್ಕೆ ಇವೆ, ಈಗಲೂ ನೋಡುತ್ತಿದ್ದೇನೆ, ಒಂದೂ ತಪ್ಪಿಲ್ಲ.

ಘಟಪ್ರಭಾ ಬಂತು, ಜನ ಇಳಿದರು, ಹತ್ತಿದರು, ಒಬ್ಬ ಮುದುಕಿ ಸರಿತಾಳ ಪಕ್ಕ ಕೂತು ಏನೋ ಕೇಳುತ್ತಿದ್ದಾಳೆ, ಸರಿತಾ ಬಾಗಿ ಏನೋ ಹೇಳಿದಳು, ಮುದುಕಿ ನಕ್ಕಳು, ಸರಿತಾಳ ಹೆಗಲೂ ಅಲುಗಿತು, ನಗುತ್ತಿದ್ದಾಳೆಯೇ — ಸರಕ್ಕನೆ ಹಿಂತಿರುಗಿ ನನ್ನ ಕಡೆ ನೋಡಿದಳು, ಸುಮ್ಮನಾದಳು. ಹದಿನೆಂಟನೆಯ ಚುಕ್ಕೆಯ ದಿನವೂ ಹೀಗೇ. ಗುರುವಾರ. ಕುಲಗೋಡದಲ್ಲಿ ದನಗಳಿಗೆ ಕಾಲುಬಾಯಿ ಬೇನೆಯ ಲಸಿಕೆ ಇತ್ತು, ಶಿದ್ರಾಮನ ಎಮ್ಮೆ ಯಾರನ್ನೂ ಹತ್ತಿರ ಬಿಟ್ಟುಕೊಳ್ಳದ್ದು, ನಾನು ಹೋಗಿ ಕಿವಿಯ ಹಿಂದೆ ಕೆರೆದು ಕೊರಳ ಕೆಳಗೆ ಸವರಿದೆ, ಕಣ್ಣು ಅರ್ಧ ಮುಚ್ಚಿ ನಿಂತಿತು, ಸೂಜಿ ಹೋದದ್ದೇ ಗೊತ್ತಾಗಲಿಲ್ಲ ಅದಕ್ಕೆ, ಶಿದ್ರಾಮ ಊರಿಗೆಲ್ಲ ಕೇಳುವಂತೆ, ಸದಾಶಿವಪ್ಪಾರ ಕೈಯಾಗ ಏನೋ ಐತಿ ನೋಡ್ರಿ, ಬಾಯಿಲ್ಲದ ಜೀವಕ್ಕ ತಿಳಿತೈತಿ ಯಾರ ಛಲೋರು ಅಂತ. ಆ ಮಾತನ್ನು ದಾರಿಯುದ್ದಕ್ಕೂ ಚಪ್ಪರಿಸಿಕೊಂಡು ಬಂದೆ, ಗೋಕಾಕದಲ್ಲಿ ಮನೆ ಇನ್ನೇನು ಬಂತು ಅನ್ನುವಾಗ ಗಾಡಿ ಪಂಕ್ಚರ್, ಅಂಗಡಿಯಲ್ಲಿ ಬಿಟ್ಟು ಹಿಂದಿನ ಓಣಿಯಿಂದ ನಡೆದೆ, ನಡು ಮಧ್ಯಾಹ್ನ, ಹಿತ್ತಲಲ್ಲಿ ಕೆಸರೆಂದು ಚಪ್ಪಲಿ ಕೈಯಲ್ಲಿ ಹಿಡಿದಿದ್ದೆ. ರೊಟ್ಟಿ ಬಡಿಯುವ ಸದ್ದು. ಅದರ ಮೇಲೆ ಹಾಡು. ಯಾರು ಬಂದಿದ್ದಾರೆ ಮನೆಗೆ ಅಂದುಕೊಂಡೆ, ದೇವರಾಣೆ ಹಾಗೇ ಅಂದುಕೊಂಡೆ, ಆ ದನಿ ನನಗೆ ಗೊತ್ತೇ ಇರಲಿಲ್ಲ, ತುಂಬಿದ ದನಿ, ಪಟಪಟ ರೊಟ್ಟಿಯ ತಾಳಕ್ಕೆ ಸರಿಯಾಗಿ, ಕರ್ತನ ಪದವನ್ನು ಬೀಸುಕಲ್ಲಿನ ರಾಗಕ್ಕೆ ಕೂಡಿಸಿ, ಗೋಡೆಯಾಚೆಯಿಂದ ಪಕ್ಕದ ಮನೆಯ ಖೈರುನಬಿ, ಇನ್ನೊಮ್ಮಿ ಹಾಡವಾ, ಅದನ್ನ ಇನ್ನೊಮ್ಮಿ ಹಾಡ, ಸರಿತಾ ನಗುತ್ತ, ತಡಿಯ, ರೊಟ್ಟಿ ಹೊತ್ತತೈತಿ. ಬಾಗಿಲಲ್ಲಿ ನನ್ನ ನೆರಳು ಬಿತ್ತು. ನಾನು ಕೆಮ್ಮಿದೆ, ಅಷ್ಟೇ. ಹಾಡು ನಿಂತಿತು. ಹಿತ್ತಲ ಗೋಡೆಯ ಮೇಲಿಂದ ಇಣುಕಿದ್ದ ಖೈರುನಬಿಯ ತಲೆ ಮಾಯವಾಯಿತು. ಸರಿತಾಳ ಕೈ ಮೇಲೆದ್ದದ್ದು ಮೇಲೆಯೇ, ಬೆರಳಿಗೆ ಬಿಳಿ ಹಿಟ್ಟು, ಕೆಳಗೆ ಅರ್ಧ ತಟ್ಟಿದ ರೊಟ್ಟಿ, ಕೈ ಗಾಳಿಯಲ್ಲಿ ನಿಂತಿತ್ತು. ಬಂದ್ರ್ಯಾ, ಅಂದಳು, ಗಾಡಿ ಸಪ್ಪಳಾ ಕೇಳಲೇ ಇಲ್ಲಲ್ರಿ.

ಗಾಡಿ ಸಪ್ಪಳ. ಅದಕ್ಕೆ ಕಿವಿಗೊಟ್ಟುಕೊಂಡು ಎಷ್ಟು ವರ್ಷದಿಂದ ಬದುಕುತ್ತಿದ್ದಾಳೆ, ನಾನು ಮನೆಯಲ್ಲಿ ಶಾಂತಿ ಇದೆ ಅಂದುಕೊಂಡಿದ್ದೆನಲ್ಲ, ಬಂದವರಿಗೆಲ್ಲ ಹೇಳುತ್ತಿದ್ದೆ, ನಮ್ಮ ಮನ್ಯಾಗ ಒಂದ ಜೋರ ಮಾತ ಕೇಳೂದಿಲ್ಲ. ಆಮೇಲೆ ನಾನು ಮಾಡಿದ್ದು ಇನ್ನೂ ಚೆಂದ, ಮೂರು ದಿನ ಓಣಿಯ ಮೂಲೆಯಲ್ಲೇ ಗಾಡಿ ಬಂದ್ ಮಾಡಿ ತಳ್ಳಿಕೊಂಡು ಬಂದೆ, ನನ್ನ ಮನೆಗೆ ನಾನೇ ಕಳ್ಳ, ಹಿತ್ತಲ ಬಾಗಿಲಿಗೆ ಕಿವಿ ಹಚ್ಚಿ ನಿಂತೆ, ಮೂರು ದಿನವೂ ಹಾಡು, ಮೂರು ದಿನವೂ ನಗು, ನಾನು ಒಳಗೆ ಕಾಲಿಟ್ಟರೆ ಮೂರು ದಿನವೂ ಆ ಕೈ. ಹೊಡೆದಿದ್ದೇನೆಯೇ, ಇಲ್ಲ. ಬೈದಿದ್ದೇನೆಯೇ, ಇಲ್ಲ. ತಿದ್ದಿದ್ದೇನೆ. ಒಂದು ಮಾತಿಗೆ ಸತ್ಯವೇದದ ಒಂದು ವಚನ. ಸಾರಿಗೆ ಉಪ್ಪು ಹೆಚ್ಚಾದರೆ ಒಂದು ವಚನ, ಪಕ್ಕದ ಮನೆಯಲ್ಲಿ ಹೊತ್ತು ಕಳೆದರೆ ಒಂದು ವಚನ, ಅಧ್ಯಾಯದ ಸಂಖ್ಯೆ ಸಮೇತ, ಮೆಲ್ಲಗೆ, ಎಮ್ಮೆಗೆ ಗೊತ್ತಾಗದ ಹಾಗೆ ಸೂಜಿ ಚುಚ್ಚುವ ನಾನು ಇವಳಿಗೆ ಗೊತ್ತಾಗುವ ಹಾಗೆ ಚುಚ್ಚಿದೆ. ಮದುವೆಯಾದ ಹೊಸತು, ಹತ್ತರಗಿಯ ಹನಮವ್ವನ ಮಗಳು, ತಾಯಿಯಿಂದ ಕಲಿತ ಬೀಸುವ ಪದಗಳ ರಾಗ ಬಾಯಿತುಂಬ, ನಮ್ಮ ದೇವರ ಪದಗಳನ್ನು ಕಲಿತು ಅದೇ ರಾಗದಲ್ಲಿ ಹಾಡಿ ತೋರಿಸಲು ಬಂದಳು, ಕೇಳ್ರಿ ಇಲ್ಲೆ, ನಾನ ಕೂಡಿಸೇನಿ, ಮುಖ ಅರಳಿತ್ತು, ನಾನು ಸತ್ಯವೇದದಿಂದ ತಲೆಯೆತ್ತದೆ, ಆ ರಾಗಾ ಈ ಮನ್ಯಾಗ ಬ್ಯಾಡ ಸರಿತಾ, ಅಂದೆ, ಎಷ್ಟು ಸೌಮ್ಯವಾಗಿ ಅಂದೆ, ಅವತ್ತೂ ಒಂದು ಚುಕ್ಕೆ ಹಾಕಿಕೊಳ್ಳಬಹುದಿತ್ತು. ದನಿ ಏರಿಸದವನು ಎಂಬ ಅರ್ಧ ಓದಿದೆ, ದಂಟು ಎಂಬ ಅರ್ಧ ಬಿಟ್ಟೆ, ಓದಲು ಬರುವವನು ಹೀಗೂ ಓದುತ್ತಾನೆ. ಮಕ್ಕಳು ಕರ್ತನ ತೊಡೆ ಏರಿ ಕೂತ ಭಾಗವನ್ನು ಹನ್ನೆರಡು ಸಲ ಕಲಿಸಿದ್ದೇನೆ, ಮಕ್ಕಳು ಯಾಕೆ ಹೆದರಲಿಲ್ಲ ಅಂತ ಒಂದು ಸಲವೂ ಕೇಳಿಲ್ಲ. ಹತ್ತೊಂಬತ್ತರಿಂದ ಇಪ್ಪತ್ತೇಳರ ತನಕ ಆ ಚುಕ್ಕೆಗಳನ್ನು ಯಾಕೆ ಹಾಕಿದೆ, ಗೊತ್ತಾದ ಮೇಲೂ, ಕೈ ರೂಢಿಗೆ ಬಿದ್ದಿತ್ತೇ, ಅಥವಾ ಲೆಕ್ಕ ಪೂರ್ತಿಯಾಗಲಿ ಅಂತಲೇ, ಎರಡನೆಯದೇ ಇರಬೇಕು.

ಮುಂದೆ ಕಬ್ಬಿನ ಟ್ರ್ಯಾಕ್ಟರ್, ಎರಡು ಟ್ರಾಲಿ, ದಾಟಲು ಜಾಗವಿಲ್ಲ, ಡ್ರೈವರ್ ಹಾರ್ನ್ ಒತ್ತುತ್ತಲೇ ಇದ್ದಾನೆ, ಮೂರೂವರೆ ಆಯಿತು, ತಡವಾದರೆ ಸಾಕ್ಷಿ ಮುಂದಕ್ಕೆ ಹೋಗುತ್ತದೆ, ತಡವಾಗಲಿ, ಬೇಡ, ಆಗಿ ಹೋಗಲಿ. ಅವಳು ಎದ್ದು ಎಲ್ಲವನ್ನೂ ಹೇಳಿಬಿಟ್ಟರೆ, ಇವರು ಬಂದ್ರ ನಂಗ ಉಸಿರ ಬಿಡಾಕ ಆಗೂದಿಲ್ರಿ ಅಂದುಬಿಟ್ಟರೆ, ಯಲ್ಲಾರಿ ನನ್ನ ಮುಖ ಹೇಗೆ ನೋಡುತ್ತಾನೆ, ಮುಂದಿನ ವಾರ ಯಾವ ಬಾಯಿಂದ ಅಧ್ಯಾಯ ತೆರೆಯಲಿ — ನೋಡು, ಈಗಲೂ ನಿನ್ನ ಬಾಯಿಯದೇ ಚಿಂತೆ ನಿನಗೆ. ಹೇಳಲಿ, ಅವಳು ಹೇಳಿದರೆ ನಾನು ಅಲ್ಲೇ ತಲೆ ಬಾಗಿಸುತ್ತೇನೆ, ಕೈ ಮುಗಿಯುತ್ತೇನೆ, ಯಲ್ಲಾರಿಯಂತೆ ನಗಲು ಬರಲಿಕ್ಕಿಲ್ಲ, ಅಳಲಾದರೂ ಬರುತ್ತದೆ. ಗೋಕಾಕ ನಿಲ್ದಾಣದಲ್ಲಿ ಬಸ್ಸಿಗೆ ಕಾಯುವಾಗ ಅವಳೇ ಕೇಳಿದ್ದಳು, ನೆಲ ನೋಡುತ್ತ, ನಾ ಅಲ್ಲೆ ಏನ ಹೇಳ್ಲಿರಿ. ಖರೇನ ಹೇಳು ಅಂದೆ. ಮೆಲ್ಲಗೇ ಅಂದೆ, ನನಗೆ ಬೇರೆ ದನಿ ಎಲ್ಲಿದೆ. ಅವಳು ಬಳೆ ಹಿಂದೆ ಸರಿಸಿಕೊಂಡು, ಹೂಂರಿ, ನೀವು ಹೇಳಿದಂಗ, ಅಂದಳು. ನೀವು ಹೇಳಿದಂಗ.

ಹುಕ್ಕೇರಿ. ಅವಳು ಹಿಂದೆ, ನಾನು ಮುಂದೆ, ನಿಂತು ಅವಳ ಜೊತೆ ನಡೆಯೋಣ ಅಂತ ನಿಂತರೆ ಅವಳೂ ನಿಂತಳು, ಏನಾತ್ರಿ, ಏನಿಲ್ಲ, ಮತ್ತೆ ನಾನೇ ಮುಂದೆ. ವಿಜಯಶ್ರೀ ಬಾಯಿ ಬಾಗಿಲಲ್ಲೇ, ಬರ್ರಿ ಸದಾಶಿವಪ್ಪಾರ, ನಿಮ್ಮ ದಾರೀನ ಕಾಯಾಕತ್ತಿದ್ವಿ, ನಲವತ್ತು ವರ್ಷ ನರ್ಸ್ ಆಗಿ ದುಡಿದ ಗಟ್ಟಿ ಹೆಣ್ಣುಮಗಳು, ಅವರ ಕಣ್ಣಿಗೆ ಏನೂ ತಪ್ಪುವುದಿಲ್ಲ, ಜಮಖಾನೆ ಹಾಸಿದೆ, ತಗಡಿನ ಬಿಸಿ ತಲೆಗೆ ಇಳಿಯುತ್ತಿದೆ, ಪ್ರಾರ್ಥನೆ ಆಯಿತು, ಪದ ಆಯಿತು, ಪದ ಹಾಡುವಾಗ ಸರಿತಾಳ ತುಟಿ ಮಾತ್ರ ಅಲುಗಿತು, ದನಿ ಇಲ್ಲ, ಇಷ್ಟು ವರ್ಷ ಅವಳಿಗೆ ಹಾಡಲು ಬರುವುದಿಲ್ಲ ಅಂದುಕೊಂಡಿದ್ದೆ. ಸರಿತಾಬಾಯಾರ, ಈಗ ನಿಮ್ಮ ಪಾಳಿರಿ, ವಿಜಯಶ್ರೀ ಬಾಯಿಯವರ ದನಿ. ಸರಿತಾ ಎದ್ದಳು. ಕೂತ ಜನರ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು, ಪಾಠ ಒಪ್ಪಿಸುವವರು ಮಾಸ್ತರರನ್ನು ನೋಡುವ ಹಾಗೆ. ಇವರು ತಿಂಗಳಿಡೀ ಒಂದ ದಿನಾನೂ ದನಿ ಏರಿಸಿಲ್ರಿ, ಅಂದಳು. ಸಿಟ್ಟ ಮಾಡಿಲ್ರಿ. ಭಾಳ ಸಾಧು ಅದಾರ. ನಮ್ಮ ಮನ್ಯಾಗ ಒಂದ ಜೋರ ಮಾತ ಕೇಳೂದಿಲ್ರಿ. ನನ್ನ ಮಾತು, ನನ್ನದೇ ಮಾತು, ಒಂದಕ್ಷರ ಬಿಡದೆ. ಸ್ತೋತ್ರ ಅಂದರು ಎಲ್ಲರೂ, ಯಲ್ಲಾರಿ ನನ್ನ ಬೆನ್ನು ತಟ್ಟಿ, ನಮಗೂ ಒಂದೀಟ ಕಲಸ್ರಿ ಅಣ್ಣಾರ, ಮುಖದಲ್ಲಿ ಎಳ್ಳಷ್ಟೂ ಹೊಟ್ಟೆಕಿಚ್ಚಿಲ್ಲ, ಸರಿತಾ ಕೂತಳು, ಗೆದ್ದೆ, ಬಚಾವಾದೆ. ಹೇಳುತ್ತಾಳೆ ಎಂದು ಹೆದರಿದ್ದೆ, ಅವಳು ಹೇಳಲಾರದಷ್ಟು ಹೆದರಿದ್ದಾಳೆ.

ಸದಾಶಿವಪ್ಪಾರ, ನೀವು ಎರಡ ಮಾತ ಆಡ್ರಿ, ಅಂದರು ವಿಜಯಶ್ರೀ ಬಾಯಿ, ಎದ್ದೆ, ಸತ್ಯವೇದ ಕೈಯಲ್ಲಿದೆ, ಆ ಹಾಳೆಗೆ ಬೆರಳು ಇಟ್ಟುಕೊಂಡಿದ್ದೇನೆ, ಇಪ್ಪತ್ತೇಳು ಚುಕ್ಕೆ ಬೆರಳಿನ ಅಡಿಯಲ್ಲಿ, ಹೇಳಬೇಕು, ಇದು ಖರೆ ಅಲ್ಲ ಅನ್ನಬೇಕು — ಅಂದರೆ ಇಷ್ಟು ಜನರ ಮುಂದೆ ಅವಳನ್ನು ಸುಳ್ಳುಗಾರ್ತಿ ಮಾಡಿದ ಹಾಗೆ, ಮತ್ತೊಮ್ಮೆ ತಿದ್ದಿದ ಹಾಗೆ, ಸುಮ್ಮನಿದ್ದರೆ ಆ ಸುಳ್ಳನ್ನು ಅವಳ ತಲೆಯ ಮೇಲೆ ಹೊರಿಸಿ ಮನೆಗೆ ನಡೆಸಿಕೊಂಡು ಹೋದ ಹಾಗೆ, ತಪ್ಪು ನನ್ನದು ಅಂತ ಶುರು ಮಾಡಲೇ, ಹಾಡಿನಿಂದ ಶುರು ಮಾಡಲೇ, ಆ ರಾಗದಲ್ಲಿ ಒಮ್ಮೆ ಹಾಡು ಅನ್ನಲೇ, ಹಾಡು ಅಂದರೆ ಅದೂ ಅಪ್ಪಣೆಯೇ, ಹೆದರಿಕೊಂಡೇ ಹಾಡುತ್ತಾಳೆ, ಕರ್ತನೇ, ಒಂದು ಮಾತು ಕೊಡು, ಅವಳಿಗೆ ನೋವಾಗದ ಒಂದು ಮಾತು, ಇಷ್ಟು ಓದಿದೆನಲ್ಲ, ಎಲ್ಲಾದರೂ ಇರಬೇಕಲ್ಲ — ಎಲ್ಲರೂ ನಗುಮುಖದಿಂದ ಕಾಯುತ್ತಿದ್ದಾರೆ, ಸರಿತಾ ಬೆವರಿದ್ದಾಳೆ, ಸೆರಗಿನ ತುದಿ ಹಿಡಿದು ಹಣೆ ಒರೆಸಿಕೊಳ್ಳಲು ಕೈ ಎತ್ತುತ್ತಿದ್ದಾಳೆ, ಮಾತು ಶುರು ಮಾಡಬೇಕೆಂದು ನಾನು ಕೆಮ್ಮಿದೆ, ಅಷ್ಟೇ, ಕೈ ನಿಂತಿತು, ಹಣೆಯವರೆಗೆ ಹೋಗಲಿಲ್ಲ, ಕೆಳಗೂ ಬರಲಿಲ್ಲ, ನಾಲ್ಕು ಹಸಿರು ಬಳೆ, ಆ ಕೈ, ಗಾಳಿಯಲ್ಲಿ, ಆ ಕೈ —